ಎಡಗಡೆ ಸೀಟಿನ ಭಾರ

ಓಬಳಿ ಸತ್ತ ಮೇಲೂ ನನ್ನ ಗಾಡಿಯ ಎಡಗಡೆ ಸೀಟು ಮೇಲೇಳಲಿಲ್ಲ. ಅವನು ಕೂತಾಗ ಎಷ್ಟು ತಗ್ಗುತ್ತಿತ್ತೋ ಅಷ್ಟೇ ತಗ್ಗಿಕೊಂಡಿತ್ತು. ನಮ್ಮೂರಲ್ಲಿ ಇದೇನೂ ಹೊಸದಲ್ಲ. ಮನುಷ್ಯ ಸತ್ತರೆ ಹೆಣ ಹಗುರ, ಒಬ್ಬನೇ ಹೆಗಲ ಮೇಲೆ ಹಾಕಿಕೊಂಡು ನಡೆಯಬಹುದು. ಭಾರ ಮಾತ್ರ ಊರಲ್ಲೇ ಉಳಿಯುತ್ತದೆ, ಅವರವರಿಗೆ ಒಗ್ಗಿದ ಜಾಗದಲ್ಲಿ. ನಮ್ಮಜ್ಜಿಯದು ಒರಳುಕಲ್ಲಿನ ಪಕ್ಕದ ಮಣೆಯ ಮೇಲೆ ಕೂತಿತ್ತು. ಹಳೇ ಪೋಸ್ಟ್‌ಮ್ಯಾನ್‌ನದು ಸೈಕಲ್ ಬಿಟ್ಟಿಳಿಯದೆ ಅವನ ಮಗ ಟ್ಯೂಬಿಗೆ ತೇಪೆ ಹಾಕಿಸಿ ಹಾಕಿಸಿ ಸುಸ್ತಾದ. ಬಸ್ಸಿನಲ್ಲಿ ಖಾಲಿ ಸೀಟು ತಗ್ಗಾಗಿ ಕಂಡರೆ ಕಂಡಕ್ಟರ್ ಅಂಗೈಯಿಟ್ಟು ನೋಡಿ, ಯಾರೋ ಇದ್ದಾರೆ, ನೀವು ಹಿಂದೆ ಬನ್ನಿ ಅನ್ನುತ್ತಾನೆ. ಜನ ಗೊಣಗದೆ ಹಿಂದಕ್ಕೆ ಸರಿಯುತ್ತಾರೆ.

ಭಾರವನ್ನು ಕಳಿಸುವುದಕ್ಕೆ ಇರುವುದು ಒಂದೇ ದಾರಿ. ಸಾಯುವಾಗ ಕೊನೆಗೆ ಯಾರ ಕೈಯಲ್ಲಿದ್ದರೋ ಅವರೇ ಬಂದು, ಭಾರದ ಪಕ್ಕ ಕೂತು, ಒಂದು ಸಲ "ಹೋಗು" ಅನ್ನಬೇಕು. ಬೇರೆಯವರು ಗಂಟಲು ಹರಿದುಕೊಂಡರೂ ಅದು ಕದಲುವುದಿಲ್ಲ. ಹಾಗಾಗಿ ಬದುಕಿರುವವರ ಮುಖಕ್ಕೆ ನಮ್ಮೂರಲ್ಲಿ ಯಾರೂ ಹೋಗು ಅನ್ನುವುದಿಲ್ಲ. ಪೇಟೆಗೆ ಹೊರಟವನಿಗೂ ಹೋಗಿ ಬಾ, ಜೈಲಿಗೆ ಹೊರಟವನಿಗೂ ಹೋಗಿ ಬಾ. ಅಂಗಳಕ್ಕೆ ನುಗ್ಗಿದ ಕೋಳಿಯನ್ನು ಓಡಿಸುವಾಗಲೂ "ಆ ಕಡೆ ಬಾ, ಆ ಕಡೆ ಬಾ" ಅನ್ನುತ್ತೇವೆ. ಹೊರಗಿನವರು ನಗುತ್ತಾರೆ. ನಗಲಿ.

ಕಳಿಸದೆ ಬಿಟ್ಟರೆ ಭಾರ ಬಲಿಯುತ್ತದೆ. ಬಲಿತು ಬಲಿತು ಒಂದು ದಿನ ನೆಲಕ್ಕಿಳಿಯುತ್ತದೆ. ಇಳಿದದ್ದು ಆಮೇಲೆ ಯಾರ ಮಾತಿಗೂ ಏಳುವುದಿಲ್ಲ. ಕುಂಬಾರ ಓಣಿಯ ತಿರುವಿನಲ್ಲಿ ಒಂದು ತಗ್ಗಿದೆ. ಪ್ರತಿ ವರ್ಷ ಮುನಿಸಿಪಾಲಿಟಿಯವರು ಜಲ್ಲಿ ಸುರಿದು ಡಾಂಬರು ಹಾಕುತ್ತಾರೆ, ಮಳೆಗಾಲಕ್ಕೆ ಮುಂಚೆಯೇ ಅದು ಮತ್ತೆ ತಗ್ಗುತ್ತದೆ. ಅದು ರುದ್ರಮ್ಮ. ಗಂಡನ ತೊಡೆಯ ಮೇಲೆ ಸತ್ತವಳು. ಗಂಡ ಮಾತ್ರ ಅವಳ ಮೇಲಿನ ಆಸೆಗೆ ಆ ಮಾತು ಅನ್ನದೇ ಹೋದ. ಈಗ ಸ್ಕೂಟರಿನವರು ಅಲ್ಲಿ ಅಂಡೆತ್ತಿಕೊಂಡು, "ತಪ್ಪಾಯ್ತಮ್ಮ" ಅಂದುಕೊಂಡು ದಾಟುತ್ತಾರೆ. ತಮ್ಮವರು ರಸ್ತೆಯ ತಗ್ಗಾಗುವುದು ಯಾರಿಗೂ ಬೇಡ.

ನಾನು, ಓಬಳಿ ಅಂತ ಕರೆಯುತ್ತಿದ್ದ ಓಬಳೇಶ, ಗುಣಶೇಖರ ಒಂದೇ ಬೆಂಚಿನವರು. ಎಂಟನೇ ಕ್ಲಾಸಿನಲ್ಲಿ ಹೊರಗಿನಿಂದ ಒಬ್ಬ ಹೊಸ ಗಣಿತದ ಮೇಷ್ಟ್ರು ಬಂದ. ನಾನು ಏನೋ ಎದುರು ಮಾತಾಡಿದೆ. ಅವನು ಬಾಗಿಲು ತೋರಿಸಿ, ಹೊರಗೆ ಹೋಗು ಅಂದ. ಇಡೀ ಕ್ಲಾಸು ಉಸಿರು ಬಿಗಿಹಿಡಿಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅತ್ತೇಬಿಟ್ಟಳು. ಆ ಮಾತು ಕೇಳಿಸಿಕೊಂಡ ಮೇಲೆ ವಾಪಸ್ಸು ಬರುವುದು ಹೇಗೆ? ಚೀಲ ಎತ್ತಿಕೊಂಡು ಎದ್ದೆ, ಮತ್ತೆ ಆ ಗೇಟು ದಾಟಲಿಲ್ಲ. ಓಬಳಿ ನನ್ನ ಹಿಂದೆಯೇ ಬಂದ. ನಿನಗೇನಾಯ್ತೋ ಅಂದರೆ, ನನ್ನ ಕಿವಿಗೂ ಬಿತ್ತಲ್ಲ ಅಂದ. ಗುಣ ಬೆಂಚಿನಲ್ಲೇ ಉಳಿದ. ಎಸ್ಸೆಸ್ಸೆಲ್ಸಿ ಮುಗಿಸಿದ, ಪಿಯುಸಿಯಲ್ಲಿ ಡುಮ್ಕಿ ಹೊಡೆದ, ಕೊನೆಗೆ ನಮ್ಮ ಜೊತೆಗೇ ಬಂದು ಬಿದ್ದ. ನಾನು ಲಗೇಜ್ ಗಾಡಿ ಓಡಿಸುತ್ತಿದ್ದೆ, ಓಬಳಿ ಗೋಡೆ ಮೇಲೆ ಅಕ್ಷರ ಬರೆಯುತ್ತಿದ್ದ. ಅವನ ಕೈಬರಹ ನೋಡಿದರೆ ಅನಕ್ಷರಸ್ಥನಿಗೂ ಓದಬೇಕು ಅನಿಸುತ್ತಿತ್ತು. ಗುಣ ಅವನಿಗೆ ಬಣ್ಣ ಕಲಸಿಕೊಡುತ್ತಿದ್ದ, ಏಣಿ ಹಿಡಿಯುತ್ತಿದ್ದ. ಸಂಜೆ ಮೂರೂ ಜನ ನನ್ನ ಗಾಡಿಯಲ್ಲೇ. ಎಡಗಡೆ ಸೀಟು ಓಬಳಿಯದು, ಗುಣ ಹಿಂದೆ ಖಾಲಿ ಚೀಲಗಳ ಮೇಲೆ.

ಓಬಳಿ ಸತ್ತದ್ದು ನೀರಿನ ಟ್ಯಾಂಕಿನಿಂದ ಬಿದ್ದು. ಆ ಎತ್ತರದ ಟ್ಯಾಂಕಿನ ಹೊಟ್ಟೆಯ ಮೇಲೆ ಊರಿನ ಹೆಸರು ಬರೆಯುವ ಕೆಲಸ ಸಿಕ್ಕಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದಿದ್ದ. ಹಗ್ಗದ ತುದಿ ಮೇಲಿನ ಕಂಬಿಗೆ ಕಟ್ಟಿತ್ತು, ಪಕ್ಕದಲ್ಲಿ ಗುಣ ನಿಂತಿದ್ದ. ಎರಡನೇ ಅಕ್ಷರಕ್ಕೆ ಒತ್ತು ಕೊಡುವ ಹೊತ್ತಿಗೆ ಕಂಬಿ ಕಿತ್ತುಬಂತು. ಕಂಟ್ರಾಕ್ಟರ್ ತುಕ್ಕಿನ ಮೇಲೇ ಬೆಳ್ಳಿಬಣ್ಣ ಹೊಡೆಸಿದ್ದ. ಗುಣ ಹಗ್ಗವನ್ನು ಕೈಯಲ್ಲಿ ಹಿಡಿದ. ಆಮೇಲೆ ಬಿಟ್ಟ. ನಾನು ಆಗ ಸಂತೆಗೆ ಈರುಳ್ಳಿ ಇಳಿಸುತ್ತಿದ್ದೆ. ನಮ್ಮೂರಿನ ಹೆಸರು ಇವತ್ತಿಗೂ ಟ್ಯಾಂಕಿನ ಮೇಲೆ ಒಂದೂವರೆ ಅಕ್ಷರ ಮಾತ್ರ ಇದೆ.

ಪೊಲೀಸರು ಕೇಳಿದಾಗ ಗುಣ, "ಕೈ ಬಿಟ್ಟೋಯ್ತು ಸಾರ್" ಅಂದನಂತೆ. ಊರವರು ಅದನ್ನು ಚಿಕ್ಕದು ಮಾಡಿಕೊಂಡು "ಕೈ ಬಿಟ್ಟ" ಅಂದರು. ಊರವರಿಗಿಂತ ಮೊದಲು ಅಂದವನು ನಾನು. ಸುಡುಗಾಡಿನ ಬಾಗಿಲಲ್ಲೇ ಅವನ ಕಾಲರ್ ಹಿಡಿದು ಕೇಳಿದೆ, ಕೈ ತಾನಾಗೇ ಬಿಡುತ್ತದಾ, ಆ ಕೈ ಯಾರದು, ಪಕ್ಕದ ಮನೆಯವರದಾ ಅಂತ. ನಾನಿದ್ದಿದ್ದರೆ ಬಿಡುತ್ತಿರಲಿಲ್ಲ, ಎಲ್ಲರೆದುರು ಹೇಳಿದೆ. ಸುಮ್ಮನೆ ಹೇಳಿದ್ದಲ್ಲ. ನಾನು ಸಿಮೆಂಟಿನ ಚೀಲ ಒಂದೊಂದು ಹೆಗಲಿಗೆ ಒಂದೊಂದು ಹಾಕಿಕೊಂಡು ಮಹಡಿ ಹತ್ತುವವನು. ಓಬಳಿ ಅಷ್ಟು ಭಾರವೂ ಇರಲಿಲ್ಲ. ಕಂಟ್ರಾಕ್ಟರ್‌ನ ಆಫೀಸಿಗೂ ನುಗ್ಗಿ ಮೇಜು ಬೋರಲು ಹಾಕಿ ಬಂದೆ. ಅದಕ್ಕೆ ಪೇದೆಯ ಕೈಲಿ ಏಟು ಬಿತ್ತು, ಕಂಟ್ರಾಕ್ಟರ್‌ಗೆ ಏನೂ ಬೀಳಲಿಲ್ಲ. ಕಂಟ್ರಾಕ್ಟರ್ ದೂರದ ಊರಿನವನು, ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವನು. ಗುಣ ಎರಡು ಬೀದಿ ಆಚೆ ಇದ್ದ. ನನ್ನ ಸಿಟ್ಟೆಲ್ಲ ಆ ಎರಡು ಬೀದಿ ದಾಟಿ ಅವನ ಬಾಗಿಲಿಗೇ ಹೋಗಿ ನಿಂತಿತು.

ಓಬಳಿಯ ಭಾರ ನನ್ನ ಗಾಡಿಗೆ ಬಂದು ಕೂತದ್ದು ನನಗೆ ಹೆಮ್ಮೆಯೇ ಆಯಿತು. ಟ್ಯಾಂಕಿನ ಹತ್ತಿರ ಉಳಿಯಲಿಲ್ಲ, ಅವರಮ್ಮನ ಮನೆಗೂ ಬರಲಿಲ್ಲ, ನನ್ನ ಪಕ್ಕ ಬಂದು ಕೂತ. ಬ್ರೇಕು ಹಾಕಿದರೆ ಸೀಟು ಮುಂದಕ್ಕೆ ವಾಲುತ್ತಿತ್ತು, ಎಡಕ್ಕೆ ತಿರುಗಿಸಿದರೆ ಗಾಡಿ ಸ್ವಲ್ಪ ಹೆಚ್ಚೇ ತಿರುಗುತ್ತಿತ್ತು. ಅವನ ಜೊತೆ ಮಾತಾಡಿಕೊಂಡೇ ಓಡಿಸುತ್ತಿದ್ದೆ. ಕೊನೆಗೆ ಅವನನ್ನು ಹಿಡಿದಿದ್ದವನು ಗುಣ, ಕಳಿಸಬೇಕಾದವನೂ ಅವನೇ ಅಂತ ಊರಿಗೆಲ್ಲ ಗೊತ್ತಿತ್ತು. ಗುಣ ಹಲವು ಸಲ ಬಂದ. ಗಾಡಿ ಸ್ಟ್ಯಾಂಡಿನ ಆ ಕಡೆಯ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದ. ನಾನು ಜಾಕಿನ ರಾಡು ಕೈಗೆತ್ತಿಕೊಳ್ಳುತ್ತಿದ್ದೆ, ಅವನು ವಾಪಸ್ಸಾಗುತ್ತಿದ್ದ. ಕೈ ಬಿಟ್ಟವನು ಈ ಗಾಡಿ ಹತ್ತುವ ಹಾಗಿಲ್ಲ ಅಂತ ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಹೇಳಿಟ್ಟಿದ್ದೆ.

ಓಬಳಿಯ ಅಮ್ಮ ಪಾಲಕ್ಕ ಬೇಯಿಸಿದ ಕಡ್ಲೆಕಾಯಿ ಮಾರುತ್ತಾಳೆ. ಮಗ ಹೋದ ಮೇಲೆ ಬುಟ್ಟಿ ಹೊತ್ತುಕೊಂಡು ನೇರ ನನ್ನ ಗಾಡಿಯ ಹತ್ತಿರ ಬರುತ್ತಿದ್ದಳು. ಎಡಗಡೆ ಬಾಗಿಲು ತೆಗೆದು, ಮೆಟ್ಟಿಲ ಮೇಲೆ ಕೂತು, ಸೀಟಿಗೆ ಬೆನ್ನು ಒರಗಿಸಿ, ಗಿರಾಕಿ ಬಂದರೆ ಅಳೆದುಕೊಡುತ್ತಿದ್ದಳು. ಮಗನ ಜೊತೆ ಜಗಳವನ್ನೂ ಆಡುತ್ತಿದ್ದಳು, ಎಷ್ಟು ದಿನ ಹಿಂಗೆ ಕೂತ್ಕೊಂಡಿರ್ತೀಯ, ಮೈಗಳ್ಳ ಅಂತ. ಒಂದು ಬೆಳಿಗ್ಗೆ ಬುಟ್ಟಿಯಿಲ್ಲದೆ ಬಂದು ಮೆಟ್ಟಿಲ ಮೇಲೆ ಕೂತಳು.

"ಬೋಸ, ಅವ್ನ ಕರ್ಸು" ಅಂದಳು.

ಯಾರನ್ನ ಅಂದೆ.

"ಯಾರ್ನ ಅಂತ ನಿಂಗೊತ್ತೈತೆ. ನನ್ ಮಗ ತಗ್ಗಾಗಾಕೆ ಮುಂಚೆ ಕರ್ಸು."

"ಅವ್ನು ಈ ಗಾಡಿ ಹತ್ತಿದ್ರೆ ಗಾಡಿಗೆ ಬೆಂಕಿ ಇಕ್ತೀನಿ, ಪಾಲಕ್ಕ."

"ಇಕ್ಕು. ಫಸ್ಟು ನನ್ ಮಗನ್ನ ಕಳ್ಸಿ ಆಮೇಲೆ ಇಕ್ಕು. ಬೆಂಕಿಪೊಟ್ಣ ನಾನೇ ತಂದುಕೊಡ್ತೀನಿ."

ನಾನು ಗಾಡಿ ಸ್ಟಾರ್ಟ್ ಮಾಡಿದೆ. ಇಳಿ ಅಂತ ಅವಳಿಗೆ ಹೇಳಬೇಕಾಗಲಿಲ್ಲ, ತಾನೇ ಇಳಿದಳು. ಇಳಿದು, ನಿನ್ನ ಸಿಟ್ಟು ನಿನ್ನದು ಕಣಪ್ಪ, ಸೀಟಿನಲ್ಲಿ ಕೂತಿರೋನು ನನ್ನೋನು ಅಂದಳು. ಉತ್ತರ ಇಲ್ಲದಿದ್ದಾಗ ನಾನು ಗೇರು ಹಾಕುವವನು. ಹಾಕಿದೆ.

ಗಾಡಿಗೇ ಸಾಕಾಯಿತು. ಅದೇ ವಾರ, ಮಧ್ಯಾಹ್ನದ ಬಿಸಿಲಿನಲ್ಲಿ, ಬಸ್‌ಸ್ಟ್ಯಾಂಡಿನ ಪಕ್ಕದ ಮುನಿಸಿಪಾಲಿಟಿ ಶೌಚಾಲಯದ ಮುಂದೆ ಎಡಗಡೆಯ ಸ್ಪ್ರಿಂಗ್ ಪಟ್ಟಿ ಪಟ್ಟಂತ ಮುರಿಯಿತು. ಗಾಡಿ ಒಂದು ಮಗ್ಗುಲಿಗೆ ಕುಸಿದು ಕೂತಿತು. ಗ್ಯಾರೇಜಿನ ಷಫಿ ಮೇಸ್ತ್ರಿ ಬಂದು ಕೆಳಗೆ ತೂರಿ ಜಾಕು ಕೊಟ್ಟ. ಗಾಡಿ ಮೇಲೇಳುವ ಬದಲು ಜಾಕೇ ಡಾಂಬರಿನೊಳಗೆ ಇಳಿಯತೊಡಗಿತು, ಹಸಿ ಹಿಟ್ಟಿಗೆ ಬೆರಳು ಊರಿದ ಹಾಗೆ. ಷಫಿ ಹೊರಗೆ ಬಂದು ಕೈ ಒರೆಸಿಕೊಂಡ.

"ಬೋಸ, ಇವ್ನು ಇಳಿಯಾಕೆ ರೆಡಿಯಾಗವ್ನೆ. ಸಂಜೆಗಂಟ ನಿಲ್ಲಲ್ಲ."

ನಾನು ಸುತ್ತ ನೋಡಿದೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು ಅಂತ ಬರೆದ ಬೋರ್ಡು. ಆ ಬೋರ್ಡು ಬರೆದವನೂ ಓಬಳಿಯೇ. ನಮ್ಮ ಓಬಳಿ ಕಕ್ಕಸಿನ ಬಾಗಿಲಲ್ಲಿ ತಗ್ಗಾಗಿ, ಜನ ಅವಸರದಲ್ಲಿ ಅವನನ್ನು ಎಡವಿ ಬೈದುಕೊಂಡು ಓಡುವುದು ಕಣ್ಣಿಗೆ ಕಟ್ಟಿತು. ಅವನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಷಫಿಗೆ ಗಾಡಿ ನೋಡಿಕೊಂಡಿರು ಅಂದು, ಯಾರಿಗಾದರೂ ಹೇಳಿ ಪಾಲಕ್ಕನನ್ನು ಕರೆಸು ಅಂದು, ಗುಣನ ಮನೆಗೆ ಓಡಿದೆ. ಕ್ಷಮಿಸುವುದಕ್ಕೆ ಓಡಿದ್ದಲ್ಲ. ಹಾರೆ ಬೇಕಾದಾಗ ಹಾರೆ ಇದ್ದವನ ಮನೆಗೆ ಹೋಗುವುದಿಲ್ಲವಾ, ಹಾಗೆ.

ಗುಣ ಮನೆಯ ಪಕ್ಕದಲ್ಲೇ ಇದ್ದ ಅವನ ಮಾವನ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಎರಡೂ ಅಂಗೈಗಳನ್ನು ಮುಂದೆ ಹಿಡಿದ, ಏನೋ ತೋರಿಸುವವನ ಹಾಗೆ. ನಾನು ಅದನ್ನು ನೋಡಲಿಲ್ಲ. ಬಂದು ಒಂದು ಮಾತು ಅನ್ನು, ಇಳಿ, ಅಲ್ಲಿಗೆ ನಿನಗೂ ನನಗೂ ಮುಗಿಯಿತು ಅಂದೆ.

"ಬೋಸ, ಆ ಮಾತು ನನ್ ಬಾಯಲ್ಲಿ ಬರಲ್ಲ ಕಣೋ" ಅಂದ. "ಮನೇಲಿ ಎಷ್ಟು ಸಲ ಅಂದು ನೋಡ್ದೆ. ಬರಲ್ಲ."

"ಕೈ ಬಿಡಾಕೆ ಬಂತಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆ ಬಂದ. ದಾರಿಯುದ್ದಕ್ಕೂ ನಾನು ಮುಂದೆ, ಅವನು ಹಿಂದೆ.

ಅಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ನಮ್ಮೂರ ಜನ ಇಂಥದಕ್ಕೆ ಗಲಾಟೆ ಮಾಡುವುದಿಲ್ಲ, ಸುಮ್ಮನೆ ಚಪ್ಪಲಿ ಕಳಚಿ ನಿಲ್ಲುತ್ತಾರೆ. ಬಸ್ಸಿನವನು ಹಾರ್ನ್ ಮಾಡದೆ ಕಾಯುತ್ತಿದ್ದ. ಪಾಲಕ್ಕ ಎಡಗಡೆಯ ಬಾಗಿಲು ಹಿಡಿದು ನಿಂತಿದ್ದಳು. ಗುಣನನ್ನು ನೋಡಿ ಬಾ ಮಗ ಅಂದಳು, ಅಷ್ಟೇ. ನಾನು ಅವನನ್ನು ನನ್ನ ಡ್ರೈವರ್ ಸೀಟಿನಲ್ಲಿ ಕೂರಿಸಿದೆ, ನಾನು ಈ ಕಡೆ ಬಂದು ಪಾಲಕ್ಕನ ಪಕ್ಕ ನಿಂತೆ. ಗುಣ ತಗ್ಗಿದ ಸೀಟಿನ ಕಡೆ ತಿರುಗಿದ. ಬಾಯಿ ತೆಗೆಯುವುದು, ಮುಚ್ಚುವುದು. ಆಮೇಲೆ ಕಣ್ಣು ಮುಚ್ಚಿಕೊಂಡು, ಸಂಜೆ ಗಾಡಿಯಿಂದ ಇಳಿದು ಮನೆಗೆ ಹೊರಡುತ್ತಿದ್ದ ಓಬಳಿಗೆ ದಿನಾ ಹೇಳುತ್ತಿದ್ದ ಹಾಗೇ, ಮೆತ್ತಗೆ ಹೇಳಿದ.

"ಹೋಗಿ ಬಾ, ಓಬಳಿ."

ಸೀಟು ಕಿರ್ ಅಂತ ಮೇಲೆದ್ದಿತು. ಪಾಲಕ್ಕ ಕೈ ಮುಗಿದಳು. ಜನ ಉಸಿರು ಬಿಟ್ಟರು. ಷಫಿ ಮಾತ್ರ ಹುಬ್ಬು ಗಂಟಿಕ್ಕಿ, ಅವ್ನು ಏನಂದ ಅಂತ ನನ್ನನ್ನು ಕೇಳಿದ. ಆಗ ನನಗೆ ಹೊಳೆಯಿತು. ಬಾ ಅಂದವರ ಹತ್ತಿರ ಬರದೇ ಇರುವವನಲ್ಲ ಓಬಳಿ.

ಬಂದ. ಈ ಸಲ ಸೀಟಿಗಲ್ಲ, ಕರೆದವನ ಕೈಗೇ ಬಂದ. ಗುಣನ ಎರಡೂ ಕೈ ಒಂದೇ ಏಟಿಗೆ ಕೆಳಕ್ಕೆ ಕುಸಿದವು. ಅವನು ಎಡಗಡೆ ಸೀಟಿನ ಮೇಲೆ ಬೋರಲು ಬಿದ್ದು, ತೆರೆದ ಬಾಗಿಲಿನಿಂದ ನನ್ನ ಕಾಲ ಹತ್ತಿರ ಜಾರಿದ. ತೋಳು ಎರಡೂ ನೇರ ನೆಲಕ್ಕೆ ನೆಟ್ಟಿದ್ದವು, ಮುಷ್ಟಿ ಬಿಗಿದಿತ್ತು, ಒಳಗೆ ಹಗ್ಗ ಇದ್ದ ಹಾಗೆ. ಮುಷ್ಟಿಯ ಕೆಳಗೆ ಡಾಂಬರು ತಗ್ಗತೊಡಗಿತ್ತು. ಹೆಗಲ ಮೂಳೆ ಎಲ್ಲಿ ಕಿತ್ತುಬರುತ್ತದೋ ಅನ್ನುವ ಹಾಗೆ ಎದ್ದು ಕಾಣುತ್ತಿತ್ತು. ಅವನು ಕೂಗಲಿಲ್ಲ. ಹಲ್ಲು ಕಚ್ಚಿಕೊಂಡಿದ್ದ.

ನಾನು ಬಗ್ಗಿ ಅವನ ಮುಷ್ಟಿಗಳ ಕೆಳಗೆ ನನ್ನ ಕೈ ಕೊಟ್ಟೆ. ಇದನ್ನು ಎತ್ತುವುದು ನನಗೇನು ದೊಡ್ಡದು ಅಂತಲೇ ಕೊಟ್ಟೆ. ಕಾಲು ಅಗಲಿಸಿ ನಿಂತು, ಸೊಂಟ ಇಳಿಸಿ, ಚೀಲ ಎತ್ತುವ ಹಾಗೆ ಎತ್ತಿದೆ. ಮೊದಲು ಒಂದಿಷ್ಟು ಮೇಲೆ ಬಂತು. ಓಬಳಿಯೇ ಅಂತ ಗೊತ್ತಾಯಿತು, ಅವನದೇ ತೂಕ, ಅವನನ್ನು ಹೊತ್ತುಕೊಂಡು ಹಳ್ಳ ದಾಟಿದವನು ನಾನು, ನನಗೆ ಗೊತ್ತಿರುವುದಿಲ್ಲವಾ. ಆದರೆ ಹಳ್ಳ ದಾಟುವಾಗ ಅವನು ನನ್ನ ಕುತ್ತಿಗೆ ಹಿಡಿದುಕೊಂಡಿದ್ದ. ಈಗ ಅವನು ಏನನ್ನೂ ಹಿಡಿದಿರಲಿಲ್ಲ. ಬೀಳುವವನು ಕೂತವನಷ್ಟು ತೂಗುವುದಿಲ್ಲ, ಬೇರೆಯೇ ತೂಗುತ್ತಾನೆ. ಬೆರಳು ಬಿಳುಚಿಕೊಂಡು ಮರಗಟ್ಟಿತು. ಬಿಡಬಾರದು ಅಂತ ನನ್ನ ತಲೆ ಹೇಳುತ್ತಲೇ ಇತ್ತು, ನಾನೂ ಗಟ್ಟಿಯಾಗಿ ಹೇಳುತ್ತಲೇ ಇದ್ದೆ, ಬಿಡಲ್ಲ, ಬಿಡಲ್ಲ ಅಂತ. ಹಾಗೆ ಹೇಳುತ್ತಿರುವಾಗಲೇ ನನ್ನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

ನಾನು ಬಿಡಲಿಲ್ಲ. ಕೈ ಬಿಟ್ಟಿತು.

ಅದನ್ನು ಬಾಯಲ್ಲಿ ಅಂದೆನೋ ಮನಸ್ಸಿನಲ್ಲಿ ಅಂದುಕೊಂಡೆನೋ ತಿಳಿಯದು. ಗುಣ ನೆಲದಿಂದ ನನ್ನ ಮುಖ ನೋಡಿದ. ಆ ನೋಟದಲ್ಲಿ ನೋಡಿದೆಯಾ ಅನ್ನುವ ಸೇಡು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ಅದು ಇರಲಿಲ್ಲ. ಅವನು ಆಗಲೂ ಹಿಡಿದೇ ಇದ್ದ. ಮುಷ್ಟಿ ಅರ್ಧ ನೆಲದಲ್ಲಿ ಇಳಿದಿತ್ತು, ಓಬಳಿಯ ಜೊತೆ ತಾನೂ ಹೋಗುವುದಾದರೆ ಹೋಗಲಿ ಅನ್ನುವ ಹಾಗೆ ಹಿಡಿದಿದ್ದ. ನಾನು ಮಂಡಿಯೂರಿ ಮತ್ತೆ ಕೈ ಕೊಟ್ಟೆ. ಈ ಸಲ ಎತ್ತುವುದಕ್ಕಲ್ಲ. ಅವನ ಮುಷ್ಟಿಯ ಮೇಲೆ ನನ್ನ ಅಂಗೈ ಮುಚ್ಚಿದೆ. ಹಗ್ಗ ಸುಲಿದಿದ್ದ ಅವನ ಚರ್ಮ ಒರಟೊರಟಾಗಿ, ಹೊಲಿದ ಚೀಲದ ಬಾಯಿಯ ಹಾಗಿತ್ತು.

"ಗುಣ, ಅನ್ನೋ" ಅಂದೆ.

"ಬಿಡ್ಲೇನೋ?" ಅಂದ. ನನ್ನನ್ನು ಕೇಳುತ್ತಿದ್ದ. ಅಷ್ಟು ದಿನ ಆ ಬೇವಿನ ಮರದ ಕೆಳಗೆ ನಿಂತು ಕೇಳಿದ್ದೂ ಇದನ್ನೇ ಇರಬೇಕು. "ಬೋಸ, ಬಿಡ್ಲೇನೋ?"

"ಬಿಡು. ನಾನ್ ಹೇಳ್ತಾ ಇದೀನಿ, ಬಿಡು. ಯಾರ್ ಹಿಡಿದಿದ್ರೂ ಬಿಟ್ಟೋಗ್ತಿತ್ತು. ನಂದೂ ಬಿಟ್ಟೋಯ್ತು. ಆ ಮಾತು ಅಂದು ಬಿಡು."

ಪಾಲಕ್ಕ ಬಗ್ಗಿ ಗುಣನ ಬೆನ್ನ ಮೇಲೆ ಕೈಯಿಟ್ಟು, "ಅವ್ನಿಗೆ ಸಾಕಾಗೈತೆ ಮಗ. ಅನ್ನು" ಅಂದಳು.

ಗುಣ ಈ ಸಲ ಕಣ್ಣು ಮುಚ್ಚಲಿಲ್ಲ. ಅಡ್ಡಹೆಸರೂ ಕರೆಯಲಿಲ್ಲ.

"ಓಬಳೇಶ, ಹೋಗು."

ಹೋದ. ಕಣ್ಣಿಗೆ ಕಾಣುವಂಥದ್ದೇನೂ ಆಗಲಿಲ್ಲ. ಗುಣ ಮೇಲಕ್ಕೆ ಜಗ್ಗುತ್ತಿದ್ದ ಕೈಗಳು ತಡೆಯುವವರಿಲ್ಲದೆ ಒಮ್ಮೆಲೇ ಮೇಲೆ ಹಾರಿ, ಗುಣನ ಗೆಣ್ಣು ನನ್ನ ಗದ್ದಕ್ಕೆ ಬಡಿದು, ತುಟಿ ಒಡೆಯಿತು. ನಾನು ಹಿಂದಕ್ಕೆ ಬಿದ್ದೆ, ಅವನು ನನ್ನ ಮೇಲೆ ಬಿದ್ದ. ಜನ ಚಪ್ಪಲಿ ಮೆಟ್ಟಿಕೊಂಡರು. ಬಸ್ಸು ಹೊರಟಿತು. ಷಫಿ ಡಾಂಬರಿನಲ್ಲಿ ಮೂಡಿದ್ದ ಎರಡು ಮುಷ್ಟಿಯಷ್ಟು ಗುಳಿಗಳನ್ನು ಕಾಲಿನಿಂದ ಸವರಿ ನೋಡಿ, ಇಷ್ಟಕ್ಕೇ ನಿಂತಿತು, ಬದುಕಿಕೊಂಡ ಅಂದ. ಸತ್ತವನ ಬಗ್ಗೆ ಹಾಗೆ ಅಂದದ್ದು ಅವನಿಗೆ ತಿಳಿಯಲೇ ಇಲ್ಲ, ನಾವು ಯಾರೂ ತಿದ್ದಲಿಲ್ಲ.

ಪಾಲಕ್ಕ ನಮ್ಮಿಬ್ಬರನ್ನೂ ಮನೆಗೆ ಕರೆದುಕೊಂಡು ಹೋದಳು. ಹೆಗಲಿನಿಂದ ಕೆಳಗೆ ನಮ್ಮ ತೋಳು ನಮ್ಮದಾಗಿರಲಿಲ್ಲ, ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿದ್ದವು. ಬಾಗಿಲ ಚಿಲಕವನ್ನೂ ನಾವು ತೆಗೆಯಲಾರದೆ ಹೋದೆವು, ಅವಳೇ ತೆಗೆದಳು. ಗೋಡೆಗೆ ಒರಗಿಸಿ ಪಕ್ಕಪಕ್ಕದಲ್ಲಿ ಕೂರಿಸಿ, ಒಲೆ ಹಚ್ಚಿ ಮುದ್ದೆ ತಿರುವಿದಳು. ನಾನು ಅವಳ ಬೆನ್ನಿಗೆ ಹೇಳಿದೆ, ನನಗೆ ಸಿಟ್ಟೇನೂ ಇಳಿದಿಲ್ಲ ಅಂತ. ಕಂಟ್ರಾಕ್ಟರ್ ಮೇಲೆ ಹಾಗೇ ಇದೆ, ಬಿಡುವುದಿಲ್ಲ, ಕೋರ್ಟಿಗಾದರೂ ಎಳೆಯುತ್ತೇನೆ ಅಂತ. ಇವನ ಮೇಲೂ ಒಂಚೂರು ಉಳಿದಿದೆ, ಅವತ್ತು ಬೆಂಚು ಬಿಟ್ಟು ಏಳಲಿಲ್ಲವಲ್ಲ ಅದಕ್ಕೆ ಅಂತ. ಗುಣ ತಲೆ ಅಲ್ಲಾಡಿಸಿದ, ಒಪ್ಪಿಕೊಂಡವನ ಹಾಗೆ.

"ಇರ್ಲಿ ಬಿಡು" ಅಂದಳು ಪಾಲಕ್ಕ. "ಸಿಟ್ಟು ಇಟ್ಕಣಾಕೂ ಹೊಟ್ಟೆಗೆ ಏನಾರ ಬೇಕಲ್ಲ. ಬಾಯಿ ತೆಗಿ."

ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಗುಣನ ಬಾಯಿಗೆ ಒಂದು, ನನ್ನ ಬಾಯಿಗೆ ಒಂದು ಇಡತೊಡಗಿದಳು. ಒಡೆದ ತುಟಿಗೆ ಖಾರ ತಾಗಿ ಉರಿಯಿತು. ಪಕ್ಕದಲ್ಲಿ ಗುಣ ಕಣ್ಣೀರು ಒರೆಸಿಕೊಳ್ಳಲೂ ಕೈ ಏಳದೆ, ಮುದ್ದೆಯನ್ನು ಚಪಾತಿಯ ಹಾಗೆ ಅಗಿಯುತ್ತ ಕೂತಿದ್ದ.

"ಅಗೀಬ್ಯಾಡವೋ" ಅಂದೆ. "ನುಂಗು."

ಅವನು ಬಹಳ ಕಷ್ಟಪಟ್ಟು ನುಂಗಿದ. ಪಾಲಕ್ಕ ಮುಂದಿನ ತುತ್ತನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.